ಎರೆನೆಲಕ್ಕೂ ಒಂದು ಯೋಜನೆ ಬೇಕು



ಕಾಡಿನ ವಿಷಯ ಬಂದಾಗ ಕರ್ನಾಟಕ ಹೆಮ್ಮೆಪಡಲು ಕಾರಣಗಳಿವೆ. 2022ರ ಅಂದಾಜಿನಂತೆ ನಮ್ಮಲ್ಲಿ 563 ಹುಲಿಗಳಿದ್ದವು, 2023ರ ಲೆಕ್ಕದಲ್ಲಿ 6,395 ಆನೆಗಳು. ಬೇಸಿಗೆಯಲ್ಲಿ ಬೆಂಕಿರೇಖೆ ಕಡಿದ ವಾಚರ್‌ಗಳು, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಳೆಗಾಲ ಕಳೆದ ಗಾರ್ಡುಗಳು ದಶಕಗಳ ಕಾಲ ದುಡಿದು ಗಳಿಸಿಕೊಟ್ಟದ್ದು ಇದು. ಅವರಿಗೆ ನನ್ನ ನಮಸ್ಕಾರ. ಆದರೆ ಇವತ್ತು ನಾನು ಹೇಳಬೇಕಾದ್ದು ದಟ್ಟ ಕಾಡಿನ ಹೊರಗಿನ ಮಾತು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿಯೊಂದಿದೆ. ಗಂಡು ಹದಿನೈದು ಕೆ.ಜಿ.ವರೆಗೂ ತೂಗುತ್ತದೆ. ಹೆಣ್ಣು ಬಟ್ಟಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿಯ ಬಾಯಿಗೆ ಸಿಕ್ಕಿದರೆ, ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿದರೆ, ಆ ವರ್ಷದ ಸಂತಾನ ಮುಗಿಯಿತು. ಹಾರುವಾಗ ಎದುರಿಗಿರುವುದು ಇದಕ್ಕೆ ಸರಿಯಾಗಿ ಕಾಣದು, ಕಂಡರೂ ಅಷ್ಟು ಭಾರದ ಮೈಯನ್ನು ತಟ್ಟನೆ ಹೊರಳಿಸಲಾಗದು. ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಇಡೀ ದೇಶದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ಹೆಚ್ಚಿನವು ರಾಜಸ್ಥಾನದಲ್ಲಿ, ನಮ್ಮಲ್ಲಿ ಬೆರಳೆಣಿಕೆಯಷ್ಟು.

ಇದೇ ಹಕ್ಕಿ ರಾಣೆಬೆನ್ನೂರಿನಲ್ಲೂ ಇತ್ತು. 1974ರಲ್ಲಿ ಅಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಘೋಷಣೆಯಾಯಿತು. ಅದು ಒಳ್ಳೆಯ ಕೆಲಸವೇ. ಆದರೆ ಅಲ್ಲಿನ ಬಯಲಿನ ಬಹುಪಾಲಿನಲ್ಲಿ ನಾವು ನೀಲಗಿರಿ ಬೆಳೆಸಿದೆವು. ಕಣ್ಣು ಹಾಯುವಷ್ಟು ದೂರ ತೆರೆದ ನೆಲವಿದ್ದರೆ ಮಾತ್ರ ನಿಶ್ಚಿಂತೆಯಿಂದ ಬದುಕುವ ಹಕ್ಕಿ ಅದು. ನೀಲಗಿರಿ ಎದ್ದುನಿಂತ ಮೇಲೆ ಅದಕ್ಕೆ ಅಲ್ಲಿ ಜಾಗವಿರಲಿಲ್ಲ. ಗಿಡ ನೆಟ್ಟವರು ಕೇಡು ಬಯಸಿದವರಲ್ಲ. ಮರವಿಲ್ಲದ ನೆಲ ಬರಡು ಎಂದು ಅವರಿಗೆ ಕಲಿಸಲಾಗಿತ್ತು, ನಮಗೂ ಹಾಗೆಯೇ ಕಲಿಸಿದರು. ಹುಲ್ಲುಗಾವಲು ಬರಡಲ್ಲ. ತೋಳ, ನರಿ, ಕೃಷ್ಣಮೃಗ, ಚಳಿಗಾಲದಲ್ಲಿ ಉತ್ತರದಿಂದ ಬರುವ ಸೆಳೆವಗಳು ಬದುಕುವುದು ಅಲ್ಲೇ. ಕುರಿಗಾಹಿಗಳ ಬದುಕು ನಿಂತಿರುವುದೂ ಅದರ ಮೇಲೆಯೇ.

ಕಾವೇರಿಯಲ್ಲೂ ಹೀಗೇ ಆಯಿತು. ಆ ನದಿಯ ಕೊಳ್ಳದಲ್ಲಲ್ಲದೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಮಹಶೀರ್ ಸಂತತಿ ಹೆಚ್ಚಲಿ ಎಂಬ ಸದುದ್ದೇಶದಿಂದಲೇ ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ನದಿಯನ್ನು ತುಂಬಿಕೊಂಡಿತ್ತು. ಪ್ರೀತಿ ಇದ್ದರಷ್ಟೇ ಸಾಲದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಯಾವ ಜೀವಿ, ಯಾವ ಋತುವಿನಲ್ಲಿ ಎಲ್ಲಿರುತ್ತದೆ, ಅದಕ್ಕೆ ಏಟು ಬೀಳುತ್ತಿರುವುದು ಎಲ್ಲಿಂದ, ತಡೆಯಬೇಕಾದವರು ಯಾರು, ತಡೆದದ್ದು ಫಲಿಸಿತೇ ಎಂದು ಮತ್ತೆ ನೋಡುವುದು ಯಾವಾಗ, ಇಷ್ಟನ್ನೂ ಬರೆದಿಟ್ಟುಕೊಂಡು ಕೆಲಸಕ್ಕಿಳಿಯಬೇಕು.

ಅಮೆರಿಕದ ರಾಜ್ಯಗಳು 2005ರಿಂದ ಇಂಥ ವನ್ಯಜೀವಿ ಸಂರಕ್ಷಣಾ ಯೋಜನೆಗಳನ್ನು ಇಟ್ಟುಕೊಂಡಿವೆ. ಯೋಜನೆ ಇಲ್ಲದ ರಾಜ್ಯಕ್ಕೆ ಆ ಬಾಬಿನ ಕೇಂದ್ರದ ಅನುದಾನವಿಲ್ಲ. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಕರಡಿ, ಹದ್ದುಗಳ ಜೊತೆಗೆ ಹೊಳೆಯ ಚಿಪ್ಪುಜೀವಿಗಳಿಗೂ ಆ ಪಟ್ಟಿಗಳಲ್ಲಿ ಜಾಗವಿದೆ. ನಮ್ಮಲ್ಲಿ ಅಭಯಾರಣ್ಯಗಳಿಗೆ ನಿರ್ವಹಣಾ ಯೋಜನೆ ಇದೆ, ಅರಣ್ಯ ವಿಭಾಗಗಳಿಗೆ ಕಾರ್ಯಯೋಜನೆ ಇದೆ, ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ ಇದೆ. ಸಿರುಗುಪ್ಪದ ರೈತನ ಹೊಲದಲ್ಲಿ ಮೊಟ್ಟೆ ಇಡುವ ಹಕ್ಕಿ ಮಾತ್ರ ಇವುಗಳ ನಡುವೆ ಜಾರಿಹೋಗುತ್ತದೆ. ನಮಗೆ ಬೇಕಾದ ರಾಜ್ಯವ್ಯಾಪಿ ಯೋಜನೆಯೆಂದರೆ ಆ ಹೊಲವನ್ನೂ ಒಳಗೊಳ್ಳುವಂಥದ್ದು. ಆ ರೈತನಿಗೆ ಆಗುವ ನಷ್ಟವನ್ನು ತುಂಬಿಕೊಡುವಂಥದ್ದು ಕೂಡ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಮನೆಯಂಗಳದ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಕೈತಪ್ಪುವ ಹುಣಸೆ ಫಸಲಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಇದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಹಕ್ಕಿಗೆ ಊರು ಕೊಡುವುದು ಗೂಡಿಗೆ ಮರ. ಮೀನು ಸಿಗಬೇಕಾದ್ದು ಸುತ್ತಲಿನ ಕೆರೆಗಳಲ್ಲಿ, ಶಿಂಷಾ ಹೊಳೆಯಲ್ಲಿ. ಕೆರೆ ಒತ್ತುವರಿಯಾದರೆ, ಹೊಳೆಗೆ ಕೊಳಚೆ ಬಿದ್ದರೆ, ಊರವರ ಪ್ರೀತಿಯೊಂದೇ ಏನು ಮಾಡೀತು? ಕೆರೆಗಳ ಹೊಣೆ ಬೇರೆ ಕಚೇರಿಯದು, ಕೊಳಚೆಯದು ಇನ್ನೊಂದರದು. ಇವರೆಲ್ಲರನ್ನೂ ಒಂದೇ ಮೇಜಿಗೆ ಕರೆದು ಕೂರಿಸುವುದು ಯೋಜನೆಯ ಅತಿ ಕಷ್ಟದ ಭಾಗ.

ಅದೇ ಮೇಜಿನಲ್ಲಿ ಊರವರೂ ಇರಬೇಕು. ಉತ್ತರ ಕನ್ನಡದ ಅಘನಾಶಿನಿ ಕಣಿವೆಯ ಸಿಂಗಳೀಕಕ್ಕೂ ಉಪ್ಪಾಗೆ ಹಣ್ಣು ಬೇಕು, ಅಲ್ಲಿನ ಮನೆಗಳಿಗೂ ಉಪ್ಪಾಗೆ ಸಿಪ್ಪೆಯ ಆದಾಯ ಬೇಕು. ಬಲಿಯುವ ಮೊದಲೇ ಕೊಯ್ದರೆ ಇಬ್ಬರಿಗೂ ನಷ್ಟ. ಯಾವಾಗ ಕೊಯ್ಯಬೇಕು, ಎಷ್ಟು ಬಿಡಬೇಕು ಎಂಬುದನ್ನು ಅಲ್ಲಿನ ಜನರೊಂದಿಗೆ ಕೂತೇ ತೀರ್ಮಾನಿಸಬೇಕು.

ಇಂದು ಪದವಿ ಪಡೆಯುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಅರಣ್ಯ ಇಲಾಖೆ ಸೇರುವವರು ಕೆಲವರೇ ಇರಬಹುದು. ನಾನು ಹೆಚ್ಚು ಮಾತಾಡಬೇಕಾದ್ದು ಉಳಿದವರೊಂದಿಗೆ. ಚಳ್ಳಕೆರೆಯ ಅಮೃತ ಮಹಲ್ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆ ಸಂಸ್ಥೆಗಳಿಗೆ ಹಂಚಿಕೆಯಾದದ್ದು ಕಂದಾಯದ ಕಡತಗಳ ಮೂಲಕ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾದದ್ದೂ ಕಡತದ ಮೂಲಕವೇ. ನಿಮ್ಮಲ್ಲೊಬ್ಬರು ನಾಳೆ ತಹಶೀಲ್ದಾರರಾಗುತ್ತಾರೆ, ಇನ್ನೊಬ್ಬರು ಸೋಲಾರ್ ಪಾರ್ಕಿಗೆ ಜಾಗ ಗುರುತಿಸುವ ಎಂಜಿನಿಯರ್, ಮತ್ತೊಬ್ಬರು ಆ ಜಾಗದ ದಾವೆ ನಡೆಸುವ ವಕೀಲರು. ಗೋಮಾಳವೊಂದರ ಕಡತ ಮೇಜಿಗೆ ಬಂದಾಗ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಅಲ್ಲಿನ ಜೀವಿಗಳನ್ನು ನೋಡಿ ಬರೆದ ವರದಿ ಕೇಳಿ. ತಂತಿ ಎಳೆಯಲೇಬೇಕಾದರೆ ಹಕ್ಕಿಯ ದಾರಿ ಬಿಟ್ಟು ಎಳೆಯಿರಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿಗೆ ಹೋದಾಗ ಪಂಚಾಯಿತಿಯಲ್ಲಿ ಅದನ್ನು ಕೇಳಿ ತೆರೆಸಿ. ತೋಳ ಯಾವ ಗುಡ್ಡದಲ್ಲಿ ಮರಿ ಹಾಕುತ್ತದೆ ಎಂದು ಕುರಿಗಾಹಿಗೆ ಗೊತ್ತು, ಯಾವ ಮಡುವಿನಲ್ಲಿ ಯಾವ ಮೀನು ನಿಂತಿತು ಎಂದು ಬೆಸ್ತರಿಗೆ ಗೊತ್ತು. ಅವರ ಮಾತು ಅದರಲ್ಲಿ ಇಲ್ಲವಾದರೆ ಅವರ ಜೊತೆ ಕೂತು ಬರೆಯಿಸಿ. ರಾಜ್ಯದ ಯೋಜನೆಗೆ ಬೇಕಾದ ಮೊದಲ ಪುಟಗಳು ಅಲ್ಲಿವೆ.