ಗೆದ್ದವರು ಇಡಬೇಕಾದ ಹೆಜ್ಜೆ



ಅಥಣಿ ತಾಲೂಕಿನ ಐಗಳಿಯ ಸುತ್ತಮುತ್ತ ಕನ್ನಡ, ಮರಾಠಿ ಎರಡೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಬೀಗತನ ಗಡಿಯ ಎರಡೂ ಕಡೆ ಬೆಳೆದಿದೆ. ಆದರೆ ಇದೇ ಬೆಳಗಾವಿ ಸೀಮೆ ಒಂದು ಯುದ್ಧವನ್ನೂ ಕಂಡಿದೆ.

1678ರ ಸುಮಾರು. ದಕ್ಷಿಣದ ದಂಡಯಾತ್ರೆ ಮುಗಿಸಿ ಶಿವಾಜಿ ಮಹಾರಾಜರ ಸೈನ್ಯ ಮರಳುತ್ತಿತ್ತು. ಬೈಲಹೊಂಗಲ ಹತ್ತಿರದ ಪುಟ್ಟ ಸಂಸ್ಥಾನ ಬೆಳವಡಿಯೊಡನೆ ಜಗಳ ಹತ್ತಿತು. ದೊರೆ ಈಶಪ್ರಭು ಹೋರಾಟದಲ್ಲಿ ಮಡಿದ. ರಾಣಿ ಮಲ್ಲಮ್ಮ ಕತ್ತಿ ಕೆಳಗಿಡಲಿಲ್ಲ. ಕೊನೆಗೆ ಸೆರೆಯಾದಳು.

ಮುಂದಿನದನ್ನು ನಮ್ಮ ಜನ ಹೀಗೆ ನೆನೆಯುತ್ತಾರೆ: ಶಿವಾಜಿ ಆಕೆಯನ್ನು ತಾಯಿಯಂತೆ ಗೌರವಿಸಿದರು, ಸಂಸ್ಥಾನವನ್ನು ಮರಳಿಸಿದರು. ಧಾರವಾಡ ತಾಲೂಕಿನ ಯಾದವಾಡದಲ್ಲಿ ಒಂದು ಶಿಲ್ಪವಿದೆ. ಅದರಲ್ಲಿ ಶಿವಾಜಿ ಮಲ್ಲಮ್ಮನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆಂದು ಹೇಳುತ್ತಾರೆ.

ಯೋಚಿಸಿ ನೋಡಿ. ಸೋತ ನಾಡು ವೈರಿಯ ಕತ್ತಿಗಿಂತ ಅವನ ಮಮತೆಯನ್ನೇ ಹೆಚ್ಚು ನೆನಪಿಟ್ಟಿತು. ಸೋತವರು ಶಾಂತಿ ಬೇಡಬಹುದು; ಅದನ್ನು ಉಳಿಸುವುದು ಗೆದ್ದವರ ನಡತೆ.

ಹೊಲದ ಬದುವಿನ ತಂಟೆ ಇರಲಿ, ಅಣ್ಣತಮ್ಮಂದಿರ ಪಾಲಿನ ವಾದ ಇರಲಿ, ತೀರ್ಪು ನಿಮ್ಮ ಕಡೆ ಬಂದ ದಿನ ನೀವೇ ಮೊದಲು ಎದುರಿನವರ ಮನೆಗೆ ಹೋಗಿ, ಮಾತಾಡಿಸಿ.