ಕುದುರೆಗೆ ಅರಿವಳಿಕೆ: ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟ

(ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸ)



ಹುಬ್ಬಳ್ಳಿ-ಧಾರವಾಡದವರಿಗೆ ಕುದುರೆ ಹೊಸದಲ್ಲ. ನಿಮ್ಮಲ್ಲಿ ಕೆಲವರ ಅಜ್ಜಂದಿರಾದರೂ ಸ್ಟೇಷನ್ನಿನ ಮುಂದೆ ಟಾಂಗಾ ನಿಲ್ಲಿಸಿ ಗಿರಾಕಿಗಾಗಿ ಕಾಯ್ದವರೇ. ನಮ್ಮ ಅಬ್ಬಾ ಕೂಡ ಟಾಂಗಾ ಹೊಡೆಯುತ್ತಿದ್ದರು. ನಾನು ಆರನೇ ಇಯತ್ತೆಯಲ್ಲಿದ್ದಾಗ ಒಂದು ಮಳೆಗಾಲದ ಸಂಜೆ ನಮ್ಮ ಕುದುರೆಯ ಮುಂಗಾಲು ಗಟಾರದಲ್ಲಿ ಸಿಕ್ಕಿತು. ಮೊಣಕಾಲಿನ ಕೆಳಗಿನ ಎಲುಬು ಮುರಿದು ಚರ್ಮ ಸೀಳಿ ಹೊರಬಂದಿತ್ತು. ನೋಡಲು ಬಂದ ಓಣಿಯ ಹಿರಿಯರೊಬ್ಬರು, "ಕುದುರಿ ಕಾಲು ಮುರದ್ರ ಮುಗೀತು ತಮ್ಮಾ, ಅದು ಕೂಡೂದಿಲ್ಲ" ಎಂದರು. ಮರುದಿನ ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಅದರ ನೋವು ಮುಗಿಸಿದರು. ಅಬ್ಬಾ ಎರಡು ದಿನ ಊಟ ಮಾಡಲಿಲ್ಲ. "ನಾನು ತಪ್ಪು ಮಾಡಿದೆನೇ?" ಎಂದು ಬಹಳ ವರ್ಷ ಕೇಳುತ್ತಿದ್ದರು. ನಾನು ಪಶುವೈದ್ಯನಾದದ್ದು ಆ ಪ್ರಶ್ನೆಯಿಂದಲೇ. ಇಂದು ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮನುಷ್ಯನ ಕಾಲು ಮುರಿದರೆ ಹಾಸಿಗೆಯಲ್ಲಿ ಮಲಗಿಸಬಹುದು. ನಾಲ್ಕೈದು ನೂರು ಕಿಲೋ ತೂಗುವ ಕುದುರೆಯನ್ನು ವಾರಗಟ್ಟಲೆ ಮಲಗಿಸಲಾಗದು. ಎಲುಬಿಗೆ ಸ್ಕ್ರೂ, ಪ್ಲೇಟು ಹಾಕಿದ ದಿನವೇ ಅದು ಅದೇ ಕಾಲಿನ ಮೇಲೆ ಎದ್ದು ನಿಲ್ಲಬೇಕು. ಇಂಥ ಶಸ್ತ್ರಚಿಕಿತ್ಸೆಗೆ ಗಂಟೆಗಟ್ಟಲೆ ಸಮಯ ಬೇಕು. ರಕ್ತನಾಳದ ಮೂಲಕ ಕೊಡುವ ಔಷಧಿಗಳಿಂದ ಸುಮಾರು ಒಂದು ಗಂಟೆಯ ಕೆಲಸ ಸಾಗಿಸಬಹುದು. ಹೊತ್ತು ಹೆಚ್ಚಾದಂತೆ ಆ ಔಷಧಿ ಮೈಯಲ್ಲಿ ಸಂಗ್ರಹವಾಗಿ ಎಚ್ಚರವಾಗುವುದು ಕೆಡುತ್ತದೆ. ಉಸಿರಿನ ಮೂಲಕ ಕೊಡುವ ಅರಿವಳಿಕೆಯಾದರೆ ಬಹುಪಾಲು ಉಸಿರಿನಲ್ಲೇ ಹೊರಹೋಗುತ್ತದೆ. ಆದ್ದರಿಂದ ದೀರ್ಘ ಶಸ್ತ್ರಚಿಕಿತ್ಸೆಗೆ ಅದನ್ನೇ ಹೆಚ್ಚು ನೆಚ್ಚುತ್ತಾರೆ.

ಈ ವಿದ್ಯೆಗೆ ನಮ್ಮ ನೆರೆಹೊರೆಯ ಇತಿಹಾಸವೂ ಇದೆ. 1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದ ಮೇಲೆ ಕುದುರೆಯ ಮೂತಿಗೆ ಚೀಲ ಕಟ್ಟಿ ಅದನ್ನು ಕೊಡುತ್ತಿದ್ದರು. ಅದರಿಂದ ಕೆಲವು ರೋಗಿಗಳು ಹಠಾತ್ತನೆ ಸಾಯುತ್ತಿದ್ದುದು ಏಕೆ ಎಂದು ತಿಳಿಯಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ನಿಜಾಮರ ಹಣದಿಂದ ಎರಡು ಆಯೋಗಗಳು ಪ್ರಯೋಗ ನಡೆಸಿದವು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ. ಆದ್ದರಿಂದ ಉಸಿರನ್ನೇ ಗಮನಿಸಿರಿ ಎಂಬುದು ಅವರ ತೀರ್ಮಾನ. 1911ರಲ್ಲಿ ಲೆವಿ ಎಂಬ ವಿಜ್ಞಾನಿ ಹೃದಯವೂ ಮೊದಲು ನಿಲ್ಲಬಹುದೆಂದು ತೋರಿಸಿದರು. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಎರಡನ್ನೂ ಗಮನಿಸಬೇಕು. 1956ರಿಂದ ಹ್ಯಾಲೋಥೇನ್ ಬಂದಿತು. ಈಗ ಹೆಚ್ಚಾಗಿ ಐಸೋಫ್ಲುರೇನ್, ಕೆಲವೆಡೆ ಸೆವೋಫ್ಲುರೇನ್ ಬಳಸುತ್ತಾರೆ.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ಕುದುರೆಯ ಬಾಯಿ ತೊಳೆದು, ಲಾಳ ತೆಗೆದು, ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕುತ್ತಾರೆ. ಝೈಲಾಝಿನ್‌ನಂಥ ಔಷಧಿಯಿಂದ ಅದು ತಲೆ ತಗ್ಗಿಸಿ ಶಾಂತವಾಗುತ್ತದೆ. ಆಮೇಲೆ ಕೀಟಮಿನ್ ಕೊಟ್ಟರೆ ಮೆತ್ತೆ ಹೊದಿಸಿದ ಕೋಣೆಯಲ್ಲಿ ಮಲಗುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಕೊಳವೆಯನ್ನು ಗಂಟಲೊಳಗೆ ಇಳಿಸಿ, ಕಾಲಿಗೆ ಪಟ್ಟಿ ಕಟ್ಟಿ ಕ್ರೇನ್‌ನಿಂದ ಎತ್ತಿ ಮೇಜಿಗೆ ಸಾಗಿಸುತ್ತಾರೆ. ಯಂತ್ರದಿಂದ ಆಮ್ಲಜನಕದ ಜೊತೆ ಐಸೋಫ್ಲುರೇನ್ ಹೋಗುತ್ತದೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಹೀರುತ್ತದೆ.

ಅಪಾಯ ಶುರುವಾಗುವುದು ಇಲ್ಲಿಂದ. ಮಲಗಿದ ಕುದುರೆಯ ಭಾರವಾದ ಕರುಳು ಶ್ವಾಸಕೋಶವನ್ನು ಒತ್ತುತ್ತದೆ. ಅರಿವಳಿಕೆಯಿಂದ ರಕ್ತದ ಒತ್ತಡ ಇಳಿಯುತ್ತದೆ. ಅಡಿಯಲ್ಲಿ ಸಿಕ್ಕ ಸ್ನಾಯುಗಳಿಗೆ ರಕ್ತ ಸಾಲದೆ ಅವು ಹಾಳಾಗುತ್ತವೆ. ಅದಕ್ಕಾಗಿ ದಪ್ಪ ಮೆತ್ತೆ ಹಾಕುತ್ತಾರೆ, ಕಾಲುಗಳನ್ನು ಸರಿಯಾಗಿ ಹೊಂದಿಸುತ್ತಾರೆ, ಡೋಬುಟಮಿನ್ ಕೊಟ್ಟು ಸರಾಸರಿ ಒತ್ತಡ 70ಕ್ಕಿಂತ ಇಳಿಯದಂತೆ ಕಾಯುತ್ತಾರೆ.

ಎಲ್ಲಕ್ಕಿಂತ ಕಠಿಣ ಗಳಿಗೆ ಎಚ್ಚರವಾಗುವುದು. ಕುದುರೆ ಬೇಟೆಗೆ ಅಂಜಿ ಬದುಕಿದ ಪ್ರಾಣಿ. ಪೂರ್ತಿ ಎಚ್ಚರವಾಗುವ ಮೊದಲೇ ಎದ್ದು ಓಡಲು ನೋಡುತ್ತದೆ. 1975ರ ಜುಲೈನಲ್ಲಿ ಅಮೆರಿಕದ ರಫಿಯನ್ ಎಂಬ ರೇಸ್ ಕುದುರೆ ಶಸ್ತ್ರಚಿಕಿತ್ಸೆಯ ನಂತರ ಎಚ್ಚರಾಗುತ್ತ ಒದ್ದಾಡಿ ಕಾಲನ್ನು ಮತ್ತೆ ಕೆಡಿಸಿಕೊಂಡಿತು. ಅದಕ್ಕೆ ದಯಾಮರಣ ಕೊಡಬೇಕಾಯಿತು. 2006ರ ಮೇನಲ್ಲಿ ಬಾರ್ಬಾರೋ ಎಂಬ ಕುದುರೆಯ ಹಿಂಗಾಲನ್ನು ಪೆನ್ಸಿಲ್ವೇನಿಯಾದಲ್ಲಿ ಜೋಡಿಸಿ, ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸಿದರು. ಅದು ಸುರಕ್ಷಿತವಾಗಿ ಎದ್ದಿತು. ಆದರೆ ಭಾರವೆಲ್ಲ ಉಳಿದ ಕಾಲುಗಳ ಮೇಲೆ ಬಿದ್ದು ಗೊರಸಿನ ಒಳಗೆ ಉರಿಯೂತವಾಯಿತು. 2007ರ ಜನವರಿಯಲ್ಲಿ ಅದಕ್ಕೂ ದಯಾಮರಣವೇ ಗತಿಯಾಯಿತು.

2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 41,824 ಅರಿವಳಿಕೆಗಳ ಲೆಕ್ಕವಿದೆ. ಹೊಟ್ಟೆಶೂಲೆಯ ಕುದುರೆಗಳನ್ನು ಬಿಟ್ಟರೂ ನೂರಕ್ಕೆ ಸುಮಾರು ಒಂದು ಸತ್ತಿತ್ತು. ಮುರಿದ ಎಲುಬಿನ ಕುದುರೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆರೋಗ್ಯವಂತ ಮನುಷ್ಯರಲ್ಲಿ ಅರಿವಳಿಕೆಯಿಂದಾಗುವ ಸಾವು ಲಕ್ಷಕ್ಕೆ ಒಂದರ ಆಸುಪಾಸು. ಈ ಅಂತರವನ್ನು ನೆನಪಿಡಿರಿ.

ಈಗ ಅಬ್ಬಾರ ಪ್ರಶ್ನೆಗೆ ಬರೋಣ. ಎಲುಬು ಹೊರಬಂದು ಗಟಾರದ ಕೊಳೆ ಸೇರಿದ ಆ ಕಾಲನ್ನು ಎಲ್ಲ ಸೌಲಭ್ಯವಿರುವ ಆಸ್ಪತ್ರೆಯಲ್ಲೂ ಉಳಿಸುವುದು ಬಹಳ ಕಷ್ಟವಿತ್ತು. ಅಬ್ಬಾ ತಪ್ಪು ಮಾಡಲಿಲ್ಲ. ಮೂಕ ಪ್ರಾಣಿಯ ನರಳಾಟವನ್ನು ಉದ್ದ ಮಾಡದಿರುವುದೂ ರಹಮ್ ಎಂದೇ ನಾನು ತಿಳಿದಿದ್ದೇನೆ. ಆದರೆ ಓಣಿಯ ಹಿರಿಯರ ಮಾತು ಪೂರ್ತಿ ನಿಜವಲ್ಲ. ಚರ್ಮ ಹರಿಯದ ಸಣ್ಣ ಬಿರುಕುಗಳು, ಸಂದಿನಲ್ಲಿ ಒಡೆದ ಚೂರುಗಳು ವಾಸಿಯಾಗುತ್ತವೆ. ಕೆಲವನ್ನು ಈಗ ಕುದುರೆಯನ್ನು ಮಲಗಿಸದೆ, ನಿಂತಲ್ಲೇ ಮಂಪರು ಕೊಟ್ಟು, ಕಾಲನ್ನಷ್ಟೇ ಮರಗಟ್ಟಿಸಿ ಸರಿಪಡಿಸುತ್ತಾರೆ.

ಆದ್ದರಿಂದ ಮದುವೆ ಮೆರವಣಿಗೆಗಾಗಿ ಕುದುರೆ ಸಾಕಿದ ಮನೆಯವರು ಇಲ್ಲಿದ್ದರೆ ಇಷ್ಟು ನೆನಪಿಡಿರಿ. ಕುಂಟುವ ಕುದುರೆಯನ್ನು ಮನೆಯವರೆಗೆ ನಡೆಸಬೇಡಿರಿ. ಹತ್ತಿ ಸುತ್ತಿ, ಬಿದಿರಿನ ದಬ್ಬೆ ಅಥವಾ ಸೀಳಿದ ಪಿವಿಸಿ ಪೈಪನ್ನು ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲು ಸೇರುವಂತೆ ಕಟ್ಟಿ ಪಶುವೈದ್ಯರನ್ನು ಅಲ್ಲಿಗೇ ಕರೆಯಿರಿ. ಅಲ್ಲಾಡದ ಎಲುಬು ಚರ್ಮ ಸೀಳುವುದಿಲ್ಲ. ಚಿಕಿತ್ಸೆಯ ಅವಕಾಶ ಉಳಿಯುವುದೋ ಹೋಗುವುದೋ ಆ ಮೊದಲ ಗಂಟೆಯಲ್ಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ವಿದ್ಯಾರ್ಥಿಗಳೇ, ವಿಜ್ಞಾನ ಓದಿದವರು ವೈದ್ಯ ಅಥವಾ ಎಂಜಿನಿಯರ್ ಮಾತ್ರ ಆಗಬೇಕೆಂದಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ನಮಗೆ ಹತ್ತಿರದ ಗದಗದಲ್ಲೇ ಇದೆ. ನಿಮ್ಮಲ್ಲಿ ಒಬ್ಬರಾದರೂ ಈ ವಿದ್ಯೆ ಕಲಿತು ಬಂದರೆ, ಮುಂದೆ ಒಬ್ಬ ಟಾಂಗಾದವನ ಮಗ ಕುದುರೆಯ ಮುಂದೆ ಕುಳಿತು ಅಳುವಾಗ, "ನೋಡೋಣ, ಉಳಿಸಬಹುದೇನೋ" ಎಂದು ಹೇಳುವವರು ಈ ಊರಲ್ಲೇ ಇರುತ್ತಾರೆ.