ರಾಜಕಾಲುವೆಗಳ ನಕ್ಷೆ ಮತ್ತು ಜಿಐಎಸ್



ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲಿ ದೊಡ್ಡ ನದಿಯೂ ಇಲ್ಲ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಒಂದು ಕೆರೆಯ ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯುವ ರಾಜಕಾಲುವೆಗಳು ಅಲ್ಲಲ್ಲಿ ಕಿರಿದಾಗಿದ್ದವು, ಕೆಲವೆಡೆ ಮುಚ್ಚಿಯೇ ಹೋಗಿದ್ದವು.

ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯ ಮೇಲೆ ಇಂದಿನ ಉಪಗ್ರಹ ಚಿತ್ರವನ್ನು ಹೊಂದಿಸಿದರೆ, ಕಾಲುವೆಯಿದ್ದ ಜಾಗದಲ್ಲಿ ಈಗ ಏನಿದೆ ಎಂಬುದು ಕಾಣುತ್ತದೆ. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಮಾಡುವ ಮೊದಲ ಕೆಲಸ ಇದು. ಆದರೆ ನೀಲಿ ಗೆರೆ ಎಳೆದ ಮಾತ್ರಕ್ಕೆ ನೀರು ಹರಿಯುವುದಿಲ್ಲ. ಪ್ರತಿ ತುಂಡಿನ ಅಗಲ, ಆಳ, ತಳದ ಮಟ್ಟ, ತುಂಬಿದ ಹೂಳು ಎಲ್ಲವೂ ದಾಖಲಾಗಬೇಕು. ಮೂರು ಮೀಟರ್ ಅಗಲದ ಕಾಲುವೆ ಒಂದು ಮೀಟರಿನ ಮೋರಿಗೆ ಬಂದು ಸೇರಿದರೆ ನೀರು ಉಕ್ಕುವುದು ಅಲ್ಲಿಯೇ. ಕಲ್ಲುಚಪ್ಪಡಿಯ ಕೆಳಗಿನ ಈ ಮೋರಿ ಉಪಗ್ರಹಕ್ಕೆ ಕಾಣದು. ಚಪ್ಪಡಿ ಎತ್ತಿ ಟೇಪು ಇಳಿಸಲೇಬೇಕು.

ಇನ್ನೊಂದು ಎಚ್ಚರಿಕೆ. ಹಳೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವಾಗ ಗೆರೆ ಹತ್ತು ಮೀಟರ್ ಆಚೀಚೆ ಸರಿಯುವುದುಂಟು. ನಮಗೆ ಅದು ಸಣ್ಣ ತಪ್ಪು. ಆದರೆ ಆ ಹತ್ತು ಮೀಟರಿನೊಳಗೆ ಒಂದು ಬಡ ಕುಟುಂಬದ ಇಡೀ ಮನೆ ಇರಬಹುದು! ಆದ್ದರಿಂದ ಸ್ಥಳದಲ್ಲಿ ಗಡಿಕಲ್ಲು ನೋಡಿ ಅಳೆಯದೆ ಯಾವ ಗೋಡೆಗೂ ಕೆಂಪು ಗುರುತು ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೆ, ಕ್ಯೂಜಿಐಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮುಂಗಾರಿಗೆ ಮುಂಚೆ ನಿಮ್ಮ ಬೀದಿಯ ಮೋರಿಗಳನ್ನು ಹಿರಿಯರ ಜೊತೆ ಹೋಗಿ ಅಳೆದು ಬನ್ನಿ. ಕಳೆದ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆಯ ತಾಯಂದಿರನ್ನು ಕೇಳಿ, ಅದನ್ನೂ ಬರೆದುಕೊಳ್ಳಿ.